ಕೊಸರು

ಮೊನ್ನೆ ಮಗಳು ಕೇಳಿದಳು, "ಅಮ್ಮಾ, ಕೊಸರು ಅಂದ್ರೆ ಏನು?"

ಅವಳ ಅಜ್ಜಿ, ಅಂದರೆ ನನ್ನಮ್ಮ, ಹಾಸನದಲ್ಲಿರುವ ಚಿಕ್ಕಮ್ಮನ ಹತ್ತಿರ ಫೋನಲ್ಲಿ ಮಾತಾಡುತ್ತಿದ್ದರು. "ಇಲ್ಲಿ ಸೊಪ್ಪಿನವಳು ಒಳ್ಳೆಯವಳು ಕಣೇ, ಕೇಳದೇನೇ ಕೊಸರು ಹಾಕ್ತಾಳೆ" ಅಂದದ್ದು ಮಗಳ ಕಿವಿಗೆ ಬಿದ್ದಿತ್ತು. ಹನ್ನೊಂದು ವರ್ಷದ ಹುಡುಗಿ, ಬೆಂಗಳೂರಲ್ಲೇ ಹುಟ್ಟಿ ಬೆಳೆದವಳು, ಆ ಮಾತು ಕೇಳಿಯೇ ಇರಲಿಲ್ಲ. ನಾನು ಹೇಳಿದೆ: ಸೊಪ್ಪು ಆರಿಸಿ, ಚೌಕಾಸಿ ಮಾಡಿ, ದುಡ್ಡು ಕೊಟ್ಟು, ವ್ಯಾಪಾರ ಎಲ್ಲ ಮುಗಿದ ಮೇಲೆ ಮಾರುವವರು ನಾಲ್ಕು ಎಸಳು ಕರಿಬೇವನ್ನೋ ಒಂದು ಹಿಡಿ ಹಸಿಮೆಣಸಿನಕಾಯಿಯನ್ನೋ ಸುಮ್ನೆ ಚೀಲಕ್ಕೆ ಹಾಕುತ್ತಾರಲ್ಲ, ಅದು ಕೊಸರು. "ಓ, ಬೈ ಒನ್ ಗೆಟ್ ಒನ್ ಥರ" ಅಂದಳು. ಅಲ್ಲಮ್ಮ ಅಂದೆ. ಆದರೆ ಯಾಕೆ ಅಲ್ಲ ಅನ್ನುವುದನ್ನು ಸರಿಯಾಗಿ ಹೇಳಲು ಬರಲಿಲ್ಲ. ಅವತ್ತಿನಿಂದ ಅದೇ ತಲೆಯಲ್ಲಿದೆ. ದಿನದಿನದ ಬದುಕಿನಲ್ಲಿ ನಿಜವಾದ ಖುಷಿ ಎಲ್ಲಿಂದ ಬರುತ್ತದೆ ಅಂತ ಯಾರಾದರೂ ಕೇಳಿದರೆ ಈಗ ನಾನು ಈ ಮಾತಿನಿಂದಲೇ ಶುರು ಮಾಡುತ್ತೇನೆ.

ಸ್ವಲ್ಪ ಹಿಂದಕ್ಕೆ ಹೋಗಬೇಕು. 2021ರಲ್ಲಿ ಕನಕಪುರ ರಸ್ತೆ ಕಡೆ ಈ ಫ್ಲಾಟ್‌ಗೆ ಬಂದೆವು. ಒಂಬತ್ತನೇ ಮಹಡಿ, ಒಳ್ಳೆ ಗಾಳಿ ಬೆಳಕು. ಸಾಲ ಇದೆ, ಆದರೆ ತೀರಿಸುವಷ್ಟು ಸಂಬಳವೂ ಇದೆ. ಬೆಳಿಗ್ಗೆ ಆರಕ್ಕೆ ಬಾಗಿಲಿಗೆ ನೇತುಹಾಕಿದ ಚೀಲದಲ್ಲಿ ಹಾಲಿನ ಪ್ಯಾಕೆಟ್ ಬಂದಿರುತ್ತಿತ್ತು. ತರಕಾರಿ, ದಿನಸಿ, ಔಷಧಿ, ಹೂವು ಕೂಡ ಫೋನಲ್ಲಿ ಒತ್ತಿದರೆ ಬರುತ್ತಿತ್ತು. ವಾರಕ್ಕೆ ಐದಾರು ಗಂಟೆ ಉಳಿಯಿತು ಅಂತ ನಾವಿಬ್ಬರೂ ಖುಷಿಪಟ್ಟಿದ್ದೆವು. ಆ ಐದಾರು ಗಂಟೆ ಎಲ್ಲಿ ಹೋಯಿತು ಅಂತ ಈಗ ಲೆಕ್ಕ ಹಾಕಿದರೆ, ಲ್ಯಾಪ್‌ಟಾಪಿಗೆ ಸ್ವಲ್ಪ, ಫೋನಿಗೆ ಜಾಸ್ತಿ.

ದುಃಖ ಅಂತ ಏನೂ ಇರಲಿಲ್ಲ. ಅದೇ ತೊಂದರೆ. ಕಾರಣ ಇದ್ದರೆ ಯಾರಿಗಾದರೂ ಹೇಳಿಕೊಳ್ಳಬಹುದು. ಎಲ್ಲ ಸರಿ ಇದೆ, ಆದರೂ ಸಂಜೆ ಏಳರ ಹೊತ್ತಿಗೆ ಮನಸ್ಸು ಸಪ್ಪೆ, ಭಾನುವಾರ ಸಂಜೆಯಂತೂ ಎದೆ ಮೇಲೆ ಏನೋ ಇಟ್ಟ ಹಾಗೆ. ಧ್ಯಾನದ ಆ್ಯಪ್ ಹಾಕಿಕೊಂಡೆ. ದಿನಕ್ಕೆ ಮೂರು ಒಳ್ಳೆಯ ಸಂಗತಿ ಬರೆಯಿರಿ ಅಂದರು, ಬರೆದೆ. ಕೊಡಗಿಗೆ ಹೋಗಿ ನಾಲ್ಕು ದಿನ ಇದ್ದು ಬಂದೆವು. ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಬಂದ ಮಂಗಳವಾರಕ್ಕೆ ಮತ್ತೆ ಅದೇ.

2023ರ ಮಾರ್ಚಲ್ಲಿ ಅಪ್ಪ ಹೋದರು. ಕಾರ್ಯ ಎಲ್ಲ ಮುಗಿಸಿ ಅಮ್ಮನನ್ನು ಇಲ್ಲಿಗೆ ಕರಕೊಂಡು ಬಂದೆ. ಒಂದು ವಾರ ಸುಮ್ಮನಿದ್ದರು. ಎಂಟನೆಯ ದಿನವೋ ಏನೋ, ಕಾಫಿ ಲೋಟ ಹಿಡಿದು ಕಿಟಕಿ ಹತ್ತಿರ ನಿಂತವರು ಕೇಳಿದರು, "ಇಲ್ಲಿಗೆ ಯಾರೂ ಬರಲ್ವೇನೇ?" ಬರ್ತಾರಲ್ಲಮ್ಮ ಅಂದೆ. "ಎಲ್ಲಿ? ಬೆಲ್ ಆಗುತ್ತೆ, ಬಾಗಿಲು ತೆಗೆದ್ರೆ ಬರೀ ಚೀಲ ಇರುತ್ತೆ."

ನನಗೆ ಆ ಮಾತು ತುಂಬಾ ದಿನ ಚುಚ್ಚಿತು. ಹಾಸನದ ಮನೆಯಲ್ಲಿ ಅಮ್ಮನ ಬೆಳಗು ಹೇಗಿತ್ತು ಅಂತ ನನಗೆ ಗೊತ್ತು. ರಂಗೋಲಿ ಹಾಕುವಾಗ ಹಾಲಿನವನು. ಅವನ ಹಿಂದೆ ಪೇಪರ್ ಹುಡುಗ. ಆಮೇಲೆ ಹೂವಿನವರು ಬರುತ್ತಿದ್ದರು, ಮೊಳ ಅಳೆಯುವಾಗ ಬೆರಳ ತುದಿಯಿಂದ ಮೊಣಕೈವರೆಗೆ ದಾರ ಎಳೆದು, ಕತ್ತರಿಸುವ ಮೊದಲು ಇನ್ನೆರಡು ಬೆರಳಿನಷ್ಟು ಮುಂದಕ್ಕೆ ಜಾರಿಸುತ್ತಿದ್ದರು. ಅದನ್ನು ಅಮ್ಮನೂ ನೋಡುತ್ತಿದ್ದರು, ಅಮ್ಮ ನೋಡುತ್ತಿದ್ದಾರೆ ಅಂತ ಅವರಿಗೂ ಗೊತ್ತು. ಎದುರು ಮನೆಯವರು ನೀರು ಹಾಕುತ್ತಾ "ತಿಂಡಿ ಏನು ಇವತ್ತು?" ಅನ್ನುತ್ತಿದ್ದರು. ಒಂಬತ್ತು ಗಂಟೆಯೊಳಗೆ ಹತ್ತು ಜನರ ಜೊತೆ ಮಾತು. ಒಬ್ಬೊಬ್ಬರ ಜೊತೆ ಎರಡು ನಿಮಿಷವೂ ಇಲ್ಲ. ಅವರ್ಯಾರೂ ಗೆಳತಿಯರಲ್ಲ, ನೆಂಟರಲ್ಲ. ಆದರೆ ಅಪ್ಪ ಹೋದ ದಿನ ನೆಂಟರಿಗಿಂತ ಮೊದಲು ಮನೆ ಮುಂದೆ ಬಂದು ನಿಂತವರು ಅವರೇ.

ಆಮೇಲೆ ಒಂದು ದಿನ ಅಮ್ಮ ಚೀಲ ಹಿಡಿದು ತಾವೇ ಕೆಳಗಿಳಿದರು. ಗೇಟಿನ ಸೆಕ್ಯೂರಿಟಿಯವರನ್ನು "ಯಾವೂರಪ್ಪಾ ನಿಮ್ದು?" ಅಂತ ಮಾತಾಡಿಸಿ, ಅವರು ರಾಯಚೂರು ಕಡೆಯವರು, ಎರಡು ಮಕ್ಕಳು, ಹೆಂಡತಿ ಊರಲ್ಲೇ ಇದ್ದಾರೆ ಅನ್ನುವಷ್ಟು ತಿಳಿದುಕೊಂಡು, ಮೂಲೆಯಲ್ಲಿ ಸೊಪ್ಪಿನ ಗಾಡಿ ನಿಲ್ಲುತ್ತದೆ ಅನ್ನುವ ಸುದ್ದಿಯನ್ನೂ ತಂದರು. ಎರಡು ವರ್ಷದಿಂದ ಆ ಗಾಡಿ ಅಲ್ಲೇ ನಿಲ್ಲುತ್ತಿತ್ತಂತೆ. ನಾನು ಕಾರಿನಲ್ಲಿ ಅದರ ಪಕ್ಕವೇ ದಿನಾ ಹೋಗುತ್ತಿದ್ದೆ.

ಮರುದಿನ ನಾನೂ ಜೊತೆಗೆ ಹೋದೆ. ಅಮ್ಮ ಸೊಪ್ಪು ಆರಿಸುವುದನ್ನು ನೋಡಬೇಕು. ದಂಟನ್ನು ಎತ್ತಿ ತುದಿ ಹತ್ತಿರ ಉಗುರು ಒತ್ತುತ್ತಾರೆ, ಎಳೆಯದಾದರೆ ಪಟ್ಟಂತ ಮುರಿಯುತ್ತದೆ, ಬಲಿತಿದ್ದರೆ ನಾರು ಎಳೆಯುತ್ತದೆ. ಸಬ್ಬಸಿಗೆ ಕಟ್ಟನ್ನು ಮೂಗಿನ ಹತ್ತಿರ ಹಿಡಿಯುತ್ತಾರೆ. ಮೆಂತ್ಯದ ಬೇರಿನ ಮಣ್ಣು ಒದ್ದೆ ಇದೆಯಾ ಒಣಗಿದೆಯಾ ಅಂತ ನೋಡುತ್ತಾರೆ. "ಬೆರಕೆ ಸೊಪ್ಪು ಇಲ್ವೇನಮ್ಮಾ?" ಅಂತ ಅಮ್ಮ ಕೇಳಿದಾಗ ಆ ಹೆಂಗಸಿನ ಮುಖ ಅರಳಿತು. "ಇಲ್ಲಿ ಯಾರೂ ಕೇಳಲ್ಲವ್ವ, ಅದಕ್ಕೇ ತರಲ್ಲ. ನಿಮಗೆ ಬೇಕಂದ್ರೆ ನಾಳೆ ತರ್ತೀನಿ." ಬಸ್ಸಾರಿಗೋ ಮಸ್ಸೊಪ್ಪಿಗೋ ಅಂತ ಶುರುವಾದ ಮಾತು ಹುರುಳಿಕಾಳು ಹಾಕಬೇಕಾ ಹಲಸಂದೆ ಹಾಕಬೇಕಾ ಅನ್ನುವಲ್ಲಿಗೆ ಹೋಯಿತು. ಮರುದಿನ ಬೆರಕೆ ಸೊಪ್ಪು ಬಂತು. ದುಡ್ಡು ಕೊಟ್ಟ ಮೇಲೆ ಒಂದು ಹಿಡಿ ಹೊನಗೊನ್ನೆ ಚೀಲದ ಮೇಲೆ ಬಿತ್ತು. ಅವತ್ತು ಮನೆಗೆ ಬಂದ ಅಮ್ಮನ ನಡಿಗೆಯೇ ಬೇರೆ. ಅಪ್ಪ ಹೋದ ಮೇಲೆ ಮೊದಲ ಸಲ ಅಡುಗೆಮನೆಯಲ್ಲಿ ಗುನುಗುವುದು ಕೇಳಿಸಿತು.

ಈ ಕೊಸರು ಪುಕ್ಕಟೆ ಅಲ್ಲ, ಇದನ್ನು ಹೇಳಲೇಬೇಕು. ಸೊಪ್ಪಿನಕ್ಕ ಬೆಳಗಿನ ಜಾವ ಮೂರಕ್ಕೆ ಎದ್ದು ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಸೊಪ್ಪು ಎತ್ತಿಕೊಂಡು ಬರುತ್ತಾರೆ. ಮಧ್ಯಾಹ್ನದೊಳಗೆ ಖರ್ಚಾಗದಿದ್ದರೆ ಬಾಡುತ್ತದೆ, ಬಾಡಿದ್ದು ನಷ್ಟ. ಆ ಒಂದು ಹಿಡಿ ಅವರ ಲಾಭದಿಂದಲೇ ಬರುವುದು. ಅಮ್ಮನಿಗೆ ಇದು ಗೊತ್ತು. ಅದಕ್ಕೇ ಬೇಸಿಗೆಯಲ್ಲಿ ಮಜ್ಜಿಗೆ ಬಾಟಲಿ ಇಲ್ಲದೆ ಕೆಳಗೆ ಹೋಗುವುದಿಲ್ಲ. 2024ರ ಸಂಕ್ರಾಂತಿಗೆ ಅಕ್ಕಪಕ್ಕದ ಮನೆಗಳಿಗೆ ಎಳ್ಳು ಬೀರುವ ಮೊದಲು ಗಾಡಿಗೆ ಹೋಗಿ ಎಳ್ಳು ಬೆಲ್ಲ, ಬಾಳೆಹಣ್ಣು, ಒಂದು ತುಂಡು ಕಬ್ಬು ಕೊಟ್ಟು ಬಂದರು. ಹೀಗೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡುತ್ತಲೇ ಇರುತ್ತದೆ, ಯಾರೂ ಲೆಕ್ಕ ಇಡುವುದಿಲ್ಲ. ಮಗಳಿಗೆ ನಾನು ಹೇಳಲಾಗದೆ ಉಳಿದದ್ದು ಇದೇ. ಆಫರ್ ಯಾರಿಗಾದರೂ ಸಿಗುತ್ತದೆ. ಕೊಸರು ಹಾಕುವಾಗ ಅವರು ಮುಖ ನೋಡುತ್ತಾರೆ.

ನನಗೆ ಓದುವ ಅಭ್ಯಾಸ ಇದೆ, ಹಾಗಾಗಿ ಇದರ ಬಗ್ಗೆ ಯಾರಾದರೂ ಏನಾದರೂ ಮಾಡಿ ನೋಡಿದ್ದಾರಾ ಅಂತ ಹುಡುಕಿದೆ. ಮಾಡಿದ್ದಾರೆ. ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಕಾಫಿ ಅಂಗಡಿಗೆ ಬಂದವರಲ್ಲಿ ಕೆಲವರಿಗೆ ಬೇಗ ಬೇಗ ಕಾಫಿ ತಗೊಂಡು ಹೊರಡಿ ಅಂದರು, ಇನ್ನು ಕೆಲವರಿಗೆ ಕಾಫಿ ಕೊಡುವವರ ಮುಖ ನೋಡಿ ನಕ್ಕು ಎರಡು ಮಾತಾಡಿ ಅಂದರು. ಮಾತಾಡಿಸಿದವರೇ ಹೊರಗೆ ಬರುವಾಗ ಹೆಚ್ಚು ಖುಷಿಯಾಗಿದ್ದರು. 2014ರಲ್ಲಿ ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಪ್ರಕಟಿಸಿದ್ದು ಇನ್ನೂ ನನಗೆ ತಟ್ಟಿತು. ಶಿಕಾಗೋದಲ್ಲಿ ರೈಲಲ್ಲಿ ಓಡಾಡುವವರನ್ನು, ಪಕ್ಕದ ಅಪರಿಚಿತರ ಜೊತೆ ಮಾತಾಡಿದರೆ ಪಯಣ ಹೇಗಿರುತ್ತದೆ ಅಂತ ಕೇಳಿದರೆ, ಸುಮ್ಮನೆ ಒಬ್ಬರೇ ಕೂತರೇ ಚೆಂದ ಅಂದರಂತೆ. ನಿಜವಾಗಿ ಮಾತಾಡಿಸಿ ನೋಡಿದವರಿಗೆ ಅದಕ್ಕೆ ಉಲ್ಟಾ ಆಯಿತು. ಅಂದರೆ ನಮಗೆ ಯಾವುದರಿಂದ ಹಿತ ಅನ್ನುವುದನ್ನು ಊಹಿಸುವಾಗಲೇ ನಾವು ತಪ್ಪುತ್ತೇವೆ. ನಾನೂ ಹಾಗೇ ತಪ್ಪಿದ್ದೆ, ಐದಾರು ಗಂಟೆ ಉಳಿಸುತ್ತಿದ್ದೇನೆ ಅಂದುಕೊಂಡು.

ಇಲ್ಲಿ ಒಂದು ಮಾತು. ದುಡ್ಡಿಲ್ಲದಿದ್ದರೂ ಖುಷಿ ಇರುತ್ತದೆ ಅಂತ ಬರೆಯುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಅಪ್ಪನ ಸಂಬಳ ತಿಂಗಳ ಇಪ್ಪತ್ತಕ್ಕೇ ಮುಗಿಯುತ್ತಿದ್ದ ದಿನಗಳು ನನಗೆ ನೆನಪಿವೆ, ಅಮ್ಮ ಆಗ ಗುನುಗುತ್ತಿರಲಿಲ್ಲ. 2010ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ ಎಂಬ ಸಂಶೋಧಕರು ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ದಿನದಿನದ ಖುಷಿ ಏರುವುದಿಲ್ಲ ಅಂದಿದ್ದರು. ಎಲ್ಲರೂ ಅದನ್ನೇ ಹೇಳಿಕೊಂಡು ಬಂದರು. 2023ರಲ್ಲಿ ಅದೇ ಕಾನೆಮನ್ ಇನ್ನಿಬ್ಬರ ಜೊತೆ ಸೇರಿ ಮತ್ತೆ ನೋಡಿದಾಗ, ಬಹಳ ಜನರಿಗೆ ಅದರಾಚೆಗೂ ಏರುತ್ತದೆ, ನಿಂತುಬಿಡುವುದು ಎಲ್ಲರಿಗಿಂತ ಕಡಿಮೆ ಖುಷಿಯಲ್ಲಿರುವವರಿಗೆ ಅಂತ ಕಂಡಿತು. ದುಡ್ಡು ಬೇಕು. ಅಮ್ಮನ ವಿಷಯದಲ್ಲೇ ನೋಡಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತ ಆಯಿತು. ಮೊದಮೊದಲು ದುಡ್ಡು ಕೊಡದೆ ಹತ್ತಲು ಅಮ್ಮನಿಗೆ ಸಂಕೋಚ. ಈಗ ವಾರಕ್ಕೊಂದು ಸಲ ಒಬ್ಬರೇ ಗಾಂಧಿ ಬಜಾರಿಗೆ ಹೋಗುತ್ತಾರೆ, ಹೂವು ತರುತ್ತಾರೆ, ಬಸ್ಸಲ್ಲಿ ಪಕ್ಕ ಕೂತವರ ಮಗಳ ಮದುವೆ ವಿಷಯ ಎಲ್ಲ ತಿಳಿದುಕೊಂಡು ಬರುತ್ತಾರೆ. ನನ್ನ ಹತ್ತಿರ ಬಸ್ಸಿಗೆ ದುಡ್ಡು ಕೇಳಬೇಕಾಗಿದ್ದರೆ ಖಂಡಿತ ಹೋಗುತ್ತಿರಲಿಲ್ಲ. ಆ ಟಿಕೆಟ್ಟಿನ ಬೆಲೆ ಸಣ್ಣದು, ಅದರಿಂದ ಅವರಿಗೆ ಸಿಕ್ಕ ಓಡಾಟ ದೊಡ್ಡದು.

ಅದೇ ವರ್ಷ ಡಿಸೆಂಬರಲ್ಲಿ ಅವರೆಕಾಯಿ ಬಂತು. ಗಾಡಿ ತುಂಬಾ ಸೊಗಡಿನ ಕಾಯಿ. ಅಮ್ಮ ಐದು ಕೆಜಿ ತಂದೇಬಿಟ್ಟರು. ಇಷ್ಟು ಯಾರು ಸುಲಿಯುವುದು ಅಂತ ನಾನು ಗೊಣಗುತ್ತಿರುವಾಗಲೇ ಪಕ್ಕದ ಮನೆಯವರನ್ನು ಕರೆದಾಗಿತ್ತು. ಮೂರು ವರ್ಷದಿಂದ ಲಿಫ್ಟಿನಲ್ಲಿ ಬರೀ ತಲೆಯಾಡಿಸಿ ಸುಮ್ಮನಾಗುತ್ತಿದ್ದ ಆಕೆ ನಮ್ಮ ಹಾಲ್‌ನ ನೆಲದ ಮೇಲೆ ಪೇಪರ್ ಹಾಸಿಕೊಂಡು ಕೂತರು. ಆಕೆ ಚಿಂತಾಮಣಿಯವರು ಅಂತ ಅವತ್ತೇ ಗೊತ್ತಾಗಿದ್ದು. ಸುಲಿದ ಕಾಳನ್ನು ನೀರಿಗೆ ಹಾಕಿ, ನೆನೆದ ಮೇಲೆ ರಾತ್ರಿ ಹಿತುಕಲು ಕೂತೆವು. ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಂಗನೆ ಪಾತ್ರೆಗೆ ಹಾರುತ್ತದೆ. ಮಗಳು ಮೊದಲ ಹತ್ತು ಬೇಳೆ ಸೋಫಾ ಕೆಳಗೆ ಹಾರಿಸಿದಳು, ಆಮೇಲೆ ಗುರಿ ಬಂತು. ಎಲ್ಲರ ಕೈ ಒದ್ದೆ, ಸೊಗಡು. ಎರಡು ಗಂಟೆ ಹೊತ್ತು ಯಾರೂ ಫೋನ್ ಮುಟ್ಟಲಿಲ್ಲ, ಮುಟ್ಟುವ ಹಾಗೂ ಇರಲಿಲ್ಲ. ಅಮ್ಮ ಅಪ್ಪನ ಕಥೆ ಹೇಳಿದರು, ಮದುವೆಯಾದ ಹೊಸದರಲ್ಲಿ ಹಿತಕವರೆ ಸಾರಿಗೆ ಉಪ್ಪು ಹಾಕುವುದು ಮರೆತಿದ್ದು, ಅಪ್ಪ ಸುಮ್ಮನೆ ಮುದ್ದೆ ಮುರಿದು ಉಂಡು ಎದ್ದಿದ್ದು. ಹೇಳುತ್ತಾ ಅತ್ತರು ಕೂಡ. ಅಳುತ್ತಲೇ ಬೇಳೆ ಹಿತುಕುತ್ತಿದ್ದರು. ಅದು ದುಃಖವಾ ಸುಖವಾ ಅಂತ ಬಿಡಿಸಿ ಹೇಳಲು ನನಗೆ ಆಗುವುದಿಲ್ಲ. ಆ ರಾತ್ರಿಯಷ್ಟು ತುಂಬಿದ ರಾತ್ರಿ ಈ ಫ್ಲಾಟಿನಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ.

ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಎಂಬ ಮನಶ್ಶಾಸ್ತ್ರಜ್ಞರು 2010ರಲ್ಲಿ 2,250 ಜನರಿಗೆ ದಿನದ ನಡುವೆ ಯಾವಾಗಂದರೆ ಆವಾಗ ಫೋನ್ ಮೂಲಕ ಕೇಳಿದ್ದರು, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಖುಷಿಯಾಗಿದ್ದೀರಾ ಅಂತ. ಹೆಚ್ಚುಕಡಿಮೆ ಶೇಕಡಾ 47ರಷ್ಟು ಸಲ ಜನ ಮಾಡುತ್ತಿದ್ದುದೊಂದು, ಮನಸ್ಸು ಇದ್ದದ್ದು ಇನ್ನೆಲ್ಲೋ. ಹಾಗೆ ಮನಸ್ಸು ಅಲೆಯುವಾಗ ಖುಷಿ ಕಡಿಮೆ ಇರುತ್ತಿತ್ತು. ಅವರೆ ಹಿತುಕುವಾಗ ಮನಸ್ಸು ದೂರ ಹೋಗುವುದಿಲ್ಲ, ಹೋದರೂ ಬೇಳೆ ಸೋಫಾ ಕೆಳಗೆ ಹೋಗಿ ಕರೆದು ತರುತ್ತದೆ.

ಸಾಮಾನು ತರಿಸುವ ಆ್ಯಪನ್ನು ನಾನು ಪೂರ್ತಿ ಬಿಟ್ಟಿಲ್ಲ. ಅಕ್ಕಿ, ಎಣ್ಣೆ, ಸೋಪಿನ ಪುಡಿ ಈಗಲೂ ಅದರಲ್ಲೇ ತರಿಸುತ್ತೇನೆ, ಕೆಲಸಕ್ಕೆ ಹೋಗುವ ಹೆಂಗಸಿಗೆ ಅದು ದೊಡ್ಡ ಉಪಕಾರವೇ. ತಂದುಕೊಡುವ ಹುಡುಗರಿಗೆ ಏಪ್ರಿಲ್ ಬಿಸಿಲಲ್ಲಿ ನೀರು ಬೇಕೇನಪ್ಪಾ ಅಂತ ಕೇಳುವುದನ್ನು ಅಮ್ಮನಿಂದ ಕಲಿತಿದ್ದೇನೆ. ಆದರೆ ಸೊಪ್ಪು, ಹೂವು, ಮೊಸರು, ಈ ಮೂರಕ್ಕೆ ಕೆಳಗಿಳಿದೇ ಹೋಗುತ್ತೇನೆ. ಇಪ್ಪತ್ತು ನಿಮಿಷ ಹಿಡಿಯುತ್ತದೆ. ಭಾನುವಾರ ಸಂಜೆಯ ಆ ಭಾರ ಪೂರ್ತಿ ಹೋಗಿದೆ ಅನ್ನಲಾರೆ, ಆದರೆ ಮೊದಲಿನ ಹಾಗೆ ಕೂರುವುದಿಲ್ಲ. ಅಮ್ಮನನ್ನು ಖುಷಿಯಾಗಿದ್ದೀಯಾ ಅಂತ ಕೇಳಿದರೆ ಆ ಮಾತೇ ಅವರಿಗೆ ಹೊಂದುವುದಿಲ್ಲ. "ನೆಮ್ಮದಿಯಾಗಿದೆ ಕಣೇ" ಅನ್ನುತ್ತಾರೆ. ಗಂಡನನ್ನು ಕಳಕೊಂಡ ಹೆಂಗಸು ಹೇಳಬಹುದಾದ ಮಾತು ಅದು, ಸುಳ್ಳಿಲ್ಲದೆ.

ಈಗ ಅಮ್ಮ ಹಾಸನಕ್ಕೆ ಹೋಗಿದ್ದಾರೆ, ಮನೆ ಹೆಂಚು ರಿಪೇರಿ ಇದೆ, ಹದಿನೈದು ದಿನ. ನಿನ್ನೆ ನನಗೆ ಮೀಟಿಂಗ್ ಇತ್ತು, ಮಗಳಿಗೆ ದುಡ್ಡು ಕೊಟ್ಟು ಎರಡು ಕಟ್ಟು ಮೆಂತ್ಯ ತಗೊಂಡು ಬಾ ಅಂತ ಒಬ್ಬಳನ್ನೇ ಕಳಿಸಿದೆ. ಅರ್ಧ ಗಂಟೆ ಆದರೂ ಬರಲಿಲ್ಲ, ಬಾಲ್ಕನಿಯಿಂದ ಬಗ್ಗಿ ನೋಡಿದರೆ ಗಾಡಿ ಪಕ್ಕ ನಿಂತು ಕೈಯಾಡಿಸಿಕೊಂಡು ಏನೋ ಹೇಳುತ್ತಿದ್ದಳು. ಮೇಲೆ ಬಂದಾಗ ಒಂದು ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ಬಿಚ್ಚಿದರೆ ಎರಡು ನಿಂಬೆಹಣ್ಣು. "ನಾನು ಕೇಳ್ಲೇ ಇಲ್ಲಮ್ಮ. ಅಜ್ಜಿ ಯಾವಾಗ ಬರ್ತಾರೆ ಅಂತ ಕೇಳಿದ್ರು, ಹೇಳ್ದೆ, ಆಮೇಲೆ ಕೊಟ್ರು."

ಚೀಲದಲ್ಲಿ ಮೆಂತ್ಯ ಇರಲಿಲ್ಲ, ಸಬ್ಬಸಿಗೆ ತಂದಿದ್ದಳು. ರಾತ್ರಿಗೆ ಅಕ್ಕಿರೊಟ್ಟಿ ತಟ್ಟಿದೆವು.