ಸೇಂಟ್ ಆಂಡ್ರೂಸ್‌ನಲ್ಲಿ ಒಂದು ಭಾನುವಾರ

ಎಡಿನ್‌ಬರೋದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಕೋಟೆ, ಮಳೆ, ಮತ್ತೆ ಮಳೆ. ಬರೆಯಬೇಕೆನಿಸಿದ್ದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಹಳೆಯ ಗಾಲ್ಫ್ ಮೈದಾನವಾದ ಓಲ್ಡ್ ಕೋರ್ಸ್ ಕುರಿತು. ಭಾನುವಾರ ಅಲ್ಲಿ ಗಾಲ್ಫ್ ವೀಕ್ಷಣೆ ಎಂದು ನಮ್ಮ ಪ್ರವಾಸದ ಏಜೆಂಟರು ಅಚ್ಚುಕಟ್ಟಾಗಿ ಮುದ್ರಿಸಿ ಕೊಟ್ಟಿದ್ದರು. ಆ ಊರಿಗೆ 1969ರಿಂದ ರೈಲಿಲ್ಲದ ಕಾರಣ ಲೂಕರ್ಸ್‌ನಲ್ಲಿ ಇಳಿದು, ಬಸ್ಸು ಹಿಡಿದು ಹೋಗಿ ನೋಡಿದರೆ ಮೈದಾನದಲ್ಲಿ ಒಬ್ಬ ಆಟಗಾರನೂ ಇಲ್ಲ! ದೊಡ್ಡ ಪಂದ್ಯಾವಳಿಗಳನ್ನು ಬಿಟ್ಟರೆ ಭಾನುವಾರ ಅಲ್ಲಿ ಆಟಕ್ಕೆ ರಜೆ. ದುಡ್ಡು ಎಣಿಸಿಕೊಂಡವರು ಅಷ್ಟನ್ನಾದರೂ ವಿಚಾರಿಸಬೇಕಿತ್ತು. ಆಟ ನೋಡಬೇಕೆನ್ನುವವರು ಬೇರೆ ದಿನ ಹೋಗಲಿ. ಆ ನೆಲವನ್ನು ನೋಡಬೇಕೆನ್ನುವವರು ಮಾತ್ರ ಭಾನುವಾರವೇ ಹೋಗಬೇಕು.

ಏಕೆಂದರೆ, ಜಗತ್ತಿನ ದೊಡ್ಡ ದೊಡ್ಡ ಆಟಗಾರರು ಅಳುಕುತ್ತ ಆಡುವ ಆ ಹುಲ್ಲಿನ ಮೇಲೆ ಅಂದು ಮಕ್ಕಳು ಓಡಾಡುತ್ತಿದ್ದರು, ನಾಯಿಗಳು ಮೂಸುತ್ತಿದ್ದವು. ಸ್ವಿಲ್ಕನ್ ಹಳ್ಳದ ಪುಟ್ಟ ಕಲ್ಲುಸೇತುವೆಯ ಮೇಲೆ ಫೋಟೋಕ್ಕಾಗಿ ಸಾಲುಗಟ್ಟಿದವರನ್ನು ಅವರ ಪಾಡಿಗೆ ಬಿಟ್ಟು ನಾನು ಆಟಗಾರರ ಚೆಂಡನ್ನು ಸಿಕ್ಕಿಸಿಕೊಳ್ಳುವ ಮರಳುಗುಂಡಿಗಳತ್ತ ನಡೆದೆ. ಅಲ್ಲಿ ಅಂಥ ಗುಂಡಿಗಳು 112 ಇವೆ. ಹಲವಕ್ಕೆ ತಮ್ಮದೇ ಹೆಸರುಗಳಿವೆ. 14ನೆಯ ಹೋಲ್‌ನಲ್ಲಿರುವ (ಚೆಂಡನ್ನು ಒಂದು ಕುಳಿಗೆ ಸೇರಿಸುವ ಆಟದ ಒಂದೊಂದು ಹಂತವೇ ಹೋಲ್) ಗುಂಡಿಯೊಂದರ ಹೆಸರು 'ನರಕ'. 17ನೆಯ ಹೋಲ್‌ನ ಗುಂಡಿಯೊಂದರ ಅಂಚಿನಲ್ಲಿ ಕುಳಿತು ನೋಡಿದೆ: ಬೇರುಸಹಿತ ಕತ್ತರಿಸಿದ ಹುಲ್ಲುಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಕಡಿದಾದ ಗೋಡೆ, ಪದರಗಳ ನಡುವೆ ಒಣಗಿದ ಬೇರಿನ ಎಳೆಗಳು. ಈ ಮೈದಾನವನ್ನು ಯಾವ ಒಬ್ಬ ವಿನ್ಯಾಸಕಾರನೂ ರೂಪಿಸಲಿಲ್ಲ. ಕಡಲು ಬಿಟ್ಟುಹೋದ ಮರಳು, ಗಾಳಿ ಮತ್ತು ಮೇಯುವ ಕುರಿಗಳೇ ಇದರ ಮೊದಲ ಶಿಲ್ಪಿಗಳು. ಗಾಲ್ಫ್‌ಗೆ 18 ಹೋಲ್‌ಗಳೆಂಬ ಲೆಕ್ಕ ಹುಟ್ಟಿದ್ದು 1764ರಲ್ಲಿ ಇಲ್ಲಿಯೇ, ಅದುವರೆಗಿದ್ದ 22ನ್ನು ಕಡಿಮೆ ಮಾಡಿದಾಗ.

ನಾಯಿಯೊಡನೆ ಬಂದಿದ್ದ ವೃದ್ಧರೊಬ್ಬರನ್ನು, ಇಲ್ಲಿ ನಡೆದಾಡಲು ಯಾರ ಅಪ್ಪಣೆ ಬೇಕೆಂದು ಕೇಳಿದೆ.

"ಯಾರದೂ ಬೇಡ, ಇದು ಊರಿನ ನೆಲ," ಎಂದರು ಅವರು. "ಊರವರು ಇಲ್ಲಿ ಆಡಬಹುದೆಂದು ಆರ್ಚ್‌ಬಿಷಪ್ ಹ್ಯಾಮಿಲ್ಟನ್ 1552ರಲ್ಲೇ ಬರೆದುಕೊಟ್ಟಿದ್ದಾರೆ."

ನಮ್ಮ ಹಳ್ಳಿಗಳಲ್ಲಿಯೂ ಗೋಮಾಳವೆಂಬ ಇಂಥದೇ ಸಾರ್ವಜನಿಕ ನೆಲವಿದೆ ಎಂದೆ.

"ಅದನ್ನು ಯಾರೂ ಕಬಳಿಸುವುದಿಲ್ಲವೇ?" ಎಂದು ಅವರು ಮುಗ್ಧವಾಗಿ ಕೇಳಿದರು. ಅವರ ನಾಯಿ ಯಾವ ತಳಿಯದೆಂದು ನಾನು ವಿಚಾರಿಸಿದೆ.

ಅವರೇ ನಕ್ಕು, ಇಲ್ಲಿಯೂ ಹಾಗಾಗಿತ್ತು ಎಂದು ಮಾತು ಮುಂದುವರಿಸಿದರು. 1797ರಲ್ಲಿ ದಿವಾಳಿಯೆದ್ದ ಪುರಸಭೆ ಈ ನೆಲದಲ್ಲಿ ಮೊಲ ಸಾಕಲು ಬಿಟ್ಟಿತು. ಅವು ತೋಡಿದ ಬಿಲಗಳಿಂದಾಗಿ ಆಟವೇ ಕೆಟ್ಟು, ಗಾಲ್ಫ್ ಆಡುವವರಿಗೂ ಮೊಲದ ವ್ಯಾಪಾರಿಗಳಿಗೂ ಕೋರ್ಟಿನಲ್ಲಿಯೂ ಮೈದಾನದಲ್ಲಿಯೂ ವರ್ಷಗಟ್ಟಲೆ ಜಗಳ ನಡೆಯಿತು. 1821ರಲ್ಲಿ ಗಾಲ್ಫ್ ಪ್ರಿಯನಾಗಿದ್ದ ಜಮೀನುದಾರ ಜೇಮ್ಸ್ ಚೀಪ್ ಈ ನೆಲವನ್ನು ಕೊಂಡ ಮೇಲೆಯೇ ಅದು ತಣ್ಣಗಾದದ್ದು. ಊರು ಅದನ್ನು ಮರಳಿ ಕೊಂಡದ್ದು 1894ರಲ್ಲಿ. ವೃದ್ಧರ ಒಲವು ಆಟದವರ ಕಡೆಗೇ ಇತ್ತು. ಆದರೆ 1552ರ ಆ ಪತ್ರದಲ್ಲಿ ಗಾಲ್ಫ್‌ನ ಜೊತೆಜೊತೆಗೇ ಮೊಲ ಸಾಕುವ ಹಕ್ಕೂ ನಮೂದಾಗಿದೆ ಎಂಬುದನ್ನು ಸೇರಿಸಲು ಅವರು ಮರೆಯಲಿಲ್ಲ.