ಹಳೆಯ ಫೈಬರ್ ದೋಣಿ: ಟ್ರಾನ್ಸಮ್ ಬಿಚ್ಚಿ ಕಟ್ಟಿದ ಮೂರು ತಿಂಗಳು

ನವೆಂಬರ್ 9

ದೋಣಿ ಅಂಗಳಕ್ಕೆ ಬಂತು. ಹದಿನಾರೂವರೆ ಅಡಿಯ ಫೈಬರ್ ದೋಣಿ, ಹಿಂದೆ ಒಂದು ಔಟ್‌ಬೋರ್ಡ್ ಇಂಜಿನ್ ಕೂರಿಸಿ ಓಡಿಸುವಂಥದ್ದು. ಉದ್ಯಾವರ ಹೊಳೆಯ ಬದಿಯ ಒಂದು ತೆಂಗಿನ ತೋಟದಲ್ಲಿ ಏಳು ಮಳೆಗಾಲ ಬಾಯಿ ಮೇಲಾಗಿಯೇ ಬಿದ್ದಿತ್ತು. ಟೆಂಪೋಗೆ ಏರಿಸಲು ಎಂಟು ಜನ ಹೆಗಲು ಕೊಟ್ಟರೂ ಅದು ಅಲುಗಲಿಲ್ಲ. ಒಳಗೆ ನಿಂತ ನೀರನ್ನೆಲ್ಲ ಮೊಗೆದು ಆಗಿತ್ತು. ಖಾಲಿ ದೋಣಿಗೆ ಅಷ್ಟು ಭಾರ ಇರಬಾರದು. ಆ ಭಾರ ಎಲ್ಲಿ ಅಡಗಿದೆ ಎಂಬ ಚಿಂತೆಯಲ್ಲೇ ಕೆಮ್ಮಣ್ಣಿಗೆ ತಂದೆವು.

ಸುವರ್ಣಾ ಹೊಳೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿಂದ ಕೆಳಕ್ಕೆ ಹೋದರೆ ಕೋಡಿಬೆಂಗ್ರೆ. ಸೀತಾ ಮತ್ತು ಸುವರ್ಣಾ ಸೇರಿ ಕಡಲಿಗೆ ಇಳಿಯುವ ಅಳಿವೆ ಅಲ್ಲೇ. ನನ್ನ ಆಸೆ ಇಷ್ಟೇ: ಮುಂದಿನ ಮಳೆಗೆ ಮೊದಲು ಈ ದೋಣಿಯಲ್ಲಿ ಅಪ್ಪನನ್ನು ಕೂರಿಸಿ ಅಳಿವೆಯವರೆಗೆ ಹೋಗಿ ಬರಬೇಕು.

ನವೆಂಬರ್ 12

ಬಿಚ್ಚುವುದಕ್ಕೆ ಮೊದಲು ದೋಣಿಯನ್ನು ನೆಟ್ಟಗೆ ಕೂರಿಸುವ ಕೆಲಸ. ಇದಕ್ಕೆ ಎರಡು ದಿನ ಹೋಯಿತು, ಹೋಗಲಿ. ಒಳಗಿನ ನೆಲ, ಉದ್ದಕ್ಕೂ ಓಡುವ ಸ್ಟ್ರಿಂಗರ್ ಹಲಗೆಗಳು, ಹಿಂಬದಿಯ ಅಡ್ಡಗೋಡೆಯಾದ ಟ್ರಾನ್ಸಮ್ ಇವೆಲ್ಲ ಸೇರಿಯೇ ದೋಣಿಯ ಆಕಾರವನ್ನು ಹಿಡಿದಿರುವುದು. ಅವನ್ನು ಕತ್ತರಿಸಿ ತೆಗೆದರೆ ಉಳಿಯುವುದು ಬಳುಕುವ ಚಿಪ್ಪು. ಚಿಪ್ಪು ತಿರುಚಿಕೊಂಡಿರುವಾಗ ಹೊಸ ಹಲಗೆ ಕೂರಿಸಿದಿರೋ, ಆ ತಿರುಚು ಶಾಶ್ವತ. ಆಮೇಲೆ ನೀರಿನಲ್ಲಿ ದೋಣಿ ಒಂದು ಬದಿಗೆ ಎಳೆಯುತ್ತಲೇ ಇರುತ್ತದೆ.

ತೆಂಗಿನ ದಿಮ್ಮಿಯ ಮೇಲೆ ಹಳೇ ಟಯರಿನ ತುಂಡು ಹಾಸಿ ಐದು ಕಡೆ ಆಧಾರ ಕೊಟ್ಟೆ. ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪೈಪ್ ಹಿಡಿದು ಎರಡೂ ಬದಿಯ ಅಂಚು ಅಳೆದರೆ ಬಲ ಹಿಂಭಾಗ 14 ಮಿ.ಮೀ. ಕೆಳಗಿತ್ತು. ಬೆಣೆ ಬಡಿದು, ಒಂದು ರಾತ್ರಿ ಬಿಟ್ಟು, ಪುನಃ ಅಳೆದು, ಪುನಃ ಬಡಿದು ಸಮ ಮಾಡಿದೆ. ಮೇಲೆ ಅಡಿಕೆ ಸಲಾಕೆಯ ಚಪ್ಪರ, ಟಾರ್ಪಾಲು, ಪಡುವಣ ಗಾಳಿಗೆ ಅಡ್ಡವಾಗಿ ಮಡಲಿನ ತಟ್ಟಿ.

ನವೆಂಬರ್ 16

ನಾಣ್ಯದ ಅಂಚಿನಿಂದ ಟ್ರಾನ್ಸಮ್ ತಟ್ಟುತ್ತ ಹೋದೆ. ಮೇಲಿನ ಒಂದು ಗೇಣು ಟಣ್ ಎನ್ನುತ್ತಿತ್ತು. ಅದರ ಕೆಳಗೆಲ್ಲ ಹಣ್ಣು ಹಲಸಿನಕಾಯಿ ತಟ್ಟಿದ ಹಾಗೆ ದೊಬ್ ದೊಬ್. ಆದರೂ ಕಿವಿಯನ್ನು ಮಾತ್ರ ನಂಬಬಾರದೆಂದು ಒಳಬದಿಯಿಂದ ಎಂಟು ಸಣ್ಣ ತೂತು ಕೊರೆದೆ. ಒಣ ಮರವಾದರೆ ಬಿಳಿಯ ಹುಡಿ ಬರಬೇಕು. ಆರು ತೂತುಗಳಿಂದ ಬಂದದ್ದು ಕಾಫಿ ಗಸಿಯಂಥ ಕಪ್ಪು ಕೆಸರು. ಕೊನೆಯದರಿಂದ ನೀರೇ ಇಳಿಯಿತು.

ಫೈಬರಿಗೆ ಏನೂ ಆಗಿಲ್ಲ. ಎರಡು ಫೈಬರ್ ಪದರಗಳ ನಡುವೆ ಇಟ್ಟ ಪ್ಲೈವುಡ್ ಕೊಳೆತಿದೆ. ಇಂಜಿನ್ ಕೂರಿಸುವ ಹಲಗೆಯೇ ಅದು. 40 ಎಚ್‌ಪಿ ಇಂಜಿನ್ ಅದನ್ನು ಹಿಡಿದೇ ಇಡೀ ದೋಣಿಯನ್ನು ದೂಡಬೇಕು.

ನೆಲದ ಹಲಗೆ ಎಬ್ಬಿಸಿದಾಗ ಭಾರದ ಗುಟ್ಟೂ ಗೊತ್ತಾಯಿತು. ದೋಣಿ ಮುಳುಗದಿರಲೆಂದು ಅಡಿಯಲ್ಲಿ ತುಂಬಿಸಿದ್ದ ಫೋಮ್ ಸ್ಪಂಜಿನಂತೆ ನೀರು ಕುಡಿದು ಕೂತಿತ್ತು. ಹಾರೆಯಿಂದ ಎಬ್ಬಿಸಿ ಹೊರಗೆ ಹಾಕಿದೆವು. ಒಂದೊಂದು ತುಂಡನ್ನೂ ಎರಡು ಕೈಯಲ್ಲಿ ಎತ್ತಬೇಕಿತ್ತು.

ನವೆಂಬರ್ 23

ಮಲ್ಪೆಯಲ್ಲಿ ಇಪ್ಪತ್ತು ವರ್ಷದಿಂದ ಫೈಬರ್ ಕೆಲಸ ಮಾಡುವ ಅಣ್ಣನೊಬ್ಬರು ಬಂದು ನೋಡಿದರು. ಅವರಿಗೆ ಕೆಲಸದ ಭರಾಟೆ ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ. ಬೋಟುಗಳೆಲ್ಲ ಮೇಲೆ ಬರುವುದು ಆಗಲೇ ಅಲ್ಲವೇ? ಅವರಿಗೆ ಶೆಡ್ ಉಂಟು. ತೆರೆದ ಅಂಗಳದಲ್ಲಿ ಕೆಲಸ ಮಾಡುವ ನನಗೆ ನವೆಂಬರಿನಿಂದ ಫೆಬ್ರವರಿಯ ಒಣಗಾಳಿಯೇ ಬೇಕು. ಗಾಜಿನ ಎಳೆಗಳನ್ನು ಹಿಡಿದು ಗಟ್ಟಿಯಾಗುವ ಅಂಟುದ್ರವ, ಅಂದರೆ ರೆಸಿನ್, ತೇವದಲ್ಲಿ ಸರಿಯಾಗಿ ಕಟ್ಟುವುದಿಲ್ಲ.

ಅವರು ಹೇಳಿದ ಒಂದು ಮಾತನ್ನು ಗೋಡೆಯ ಮೇಲೆ ಬರೆದಿಟ್ಟಿದ್ದೇನೆ: "ಹೊರಗಿನ ಚರ್ಮ ಮುಟ್ಟಬೇಡಿ ಮಾರಾಯ್ರೆ. ದೋಣಿಯ ರೂಪ ಇರುವುದೇ ಅದರಲ್ಲಿ. ಒಳಗಿನಿಂದ ಬಿಚ್ಚಿ."

ಹಾಗೆಯೇ ಮಾಡಿದೆ. ಒಳಪದರವನ್ನು ಅಂಚಿನಿಂದ ಎರಡು ಇಂಚು ಬಿಟ್ಟು ಗ್ರೈಂಡರಿನಿಂದ ಕೊಯ್ದೆ. ಕೊಳೆತ ಮರ ಬರಿಗೈಗೇ ಬಂತು. ಗಟ್ಟಿಯಾಗಿದ್ದ ಮೇಲ್ಭಾಗಕ್ಕೆ ಮಾತ್ರ ಉಳಿ, ಸುತ್ತಿಗೆ, ಮೂರು ಸಂಜೆ. ಕಾರ್ಟ್ರಿಜ್ ಇರುವ ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ. ಫೈಬರಿನ ಗಾಜಿನ ಹುಡಿ ಮೈಗೆ ಹೊಕ್ಕರೆ ರಾತ್ರಿಯಿಡೀ ತುರಿಕೆ. ಮೊದಲು ತಣ್ಣೀರು ಹೊಯ್ದುಕೊಳ್ಳಬೇಕು, ಬಿಸಿನೀರು ಆಮೇಲೆ.

ಅಪ್ಪ ಆ ಕೊಳೆತ ತುಂಡನ್ನು ಕೈಯಲ್ಲಿ ಹಿಂಡಿ ನೋಡಿದರು. ಅವರ ಕಾಲದ್ದು ಮರದ ದೋಣಿ. ವರ್ಷ ವರ್ಷ ಮೇಲೆಳೆದು, ಒಣಗಿಸಿ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರು. "ನಮ್ಮ ಮರಕ್ಕೆ ಉಸಿರು ಇತ್ತು. ಇದಕ್ಕೆ ಉಸಿರು ಕಟ್ಟಿದೆ" ಎಂದರು. ಸರಿಯಾದ ಮಾತು. ಮರ ಕೊಳೆಯಿಸುವ ಶಿಲೀಂಧ್ರಕ್ಕೆ ಹಿತವಾದದ್ದು ಸಿಹಿನೀರು. ಉಪ್ಪುನೀರಿನಲ್ಲಿ ಅದು ಅಷ್ಟು ಹಬ್ಬುವುದಿಲ್ಲ. ಈ ದೋಣಿಯನ್ನು ಕೊಂದದ್ದು ಕಡಲಲ್ಲ, ಏಳು ವರ್ಷದ ಮಳೆನೀರು. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಬಾಯಿ ಮೇಲಾಗಿ ಇಟ್ಟ ದೋಣಿ ಎಂದರೆ ತುಂಬಿದ ಹಂಡೆಯೇ.

ನೀರು ಒಳಗೆ ಹೋದ ದಾರಿಯನ್ನೂ ಹುಡುಕಿದೆ. ನೀರು ಬಿಡುವ ಬಿರಡೆಯ ತೂತು, ಏಣಿಗೆ ಹೊಡೆದ ನಾಲ್ಕು ಸ್ಕ್ರೂ, ಇಂಜಿನ್ ಬೋಲ್ಟುಗಳು. ಪ್ರತಿಯೊಂದರ ಸುತ್ತಲೂ ಕಪ್ಪು ಬಳೆ. ಯಾವ ತೂತಿನ ಒಳಗೂ ಮರದ ಅಂಚಿಗೆ ರೆಸಿನ್ ಬಳಿದಿರಲಿಲ್ಲ. ಅರ್ಧ ಗಂಟೆಯ ಕೆಲಸ ಬಿಟ್ಟದ್ದಕ್ಕೆ ಇಡೀ ಟ್ರಾನ್ಸಮ್ ಹೋಯಿತು.

ಡಿಸೆಂಬರ್ 14

ಯಾವ ರೆಸಿನ್ ಎಂದು ಬಹಳ ಯೋಚಿಸಿದೆ. ನಮ್ಮ ಕಡೆ ಸುಲಭವಾಗಿ ಸಿಗುವುದು ಪಾಲಿಯೆಸ್ಟರ್. ದೋಣಿ ಮೂಲದಲ್ಲಿ ಕಟ್ಟಿರುವುದೂ ಅದರಲ್ಲೇ. ಆದರೆ ಮರವನ್ನು ಹಿಡಿಯುವುದರಲ್ಲಿ ಎಪಾಕ್ಸಿ ಎಷ್ಟೋ ಮೇಲು. ಹಳೆಯ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಕೂರುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಅಷ್ಟು ನಂಬಿಕೆಯದ್ದಲ್ಲ. ಹಾಗಾಗಿ ಟ್ರಾನ್ಸಮ್ ಪೂರ್ತಿ ಎಪಾಕ್ಸಿ, ಆ ಜಾಗಕ್ಕೆ ಮುಂದೆ ಜೆಲ್‌ಕೋಟ್ (ಪಾಲಿಯೆಸ್ಟರಿನದೇ ಹೊಳಪಿನ ಮೇಲ್ಪದರ) ಬದಲು ಪೇಂಟ್ ಎಂದು ತೀರ್ಮಾನಿಸಿದೆ. ಅಂಗಡಿಗಳಲ್ಲಿ ಸಿಗುವ ಚಾಪೆಯಂಥ ಮ್ಯಾಟ್ ಇದಕ್ಕೆ ಆಗುವುದಿಲ್ಲ. ಅದರ ಎಳೆಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್‌ಗೆ ಕರಗುವಂಥದ್ದು, ಎಪಾಕ್ಸಿಗೆ ಕರಗದು. ನೇಯ್ದ ಬಟ್ಟೆಯನ್ನೇ ತಂದೆ.

ಚುಕ್ಕಾಣಿಯ ಬದಿಯ ಬಿರುಕಿಗೆ ಮಾತ್ರ ಪಾಲಿಯೆಸ್ಟರ್. ಒಂದು ಎಚ್ಚರಿಕೆ ಹೇಳಲೇಬೇಕು: ಗಟ್ಟಿಯಾಗುವ ವೇಗ ಹೆಚ್ಚಿಸುವ ಕೋಬಾಲ್ಟ್ ಆಕ್ಸಿಲರೇಟರನ್ನು ಮೊದಲು ರೆಸಿನ್‌ಗೆ ಹಾಕಿ ಪೂರ್ತಿ ಕದಡಿ, ಆಮೇಲೆ ಅದನ್ನು ಗಟ್ಟಿಯಾಗಿಸುವ ದ್ರವ ಎಂಇಕೆಪಿ ಹಾಕಿ. ಅವೆರಡನ್ನು ನೇರವಾಗಿ ಬೆರೆಸಿದರೆ ಸ್ಫೋಟವಾಗಬಹುದು. ಎರಡು ಬಾಟಲಿಗಳನ್ನೂ ಬೇರೆ ಬೇರೆ ಕೋಣೆಯಲ್ಲಿ ಇಟ್ಟಿದ್ದೇನೆ.

ಡಿಸೆಂಬರ್ 28

ರಟ್ಟಿನಲ್ಲಿ ಅಚ್ಚು ತೆಗೆದು, ಐಎಸ್ 710 (ಮರೈನ್ ಪ್ಲೈಗೆ ಇರುವ ಭಾರತೀಯ ಮಾನಕ) ಗುರುತಿನ 19 ಮಿ.ಮೀ. ಮರೈನ್ ಪ್ಲೈಯಲ್ಲಿ ಎರಡು ಹಲಗೆ ಕೊಯ್ದೆ. ಎರಡೂ ಸೇರಿ 38 ಮಿ.ಮೀ. ಅಂಚುಗಳಿಗೆ ಮೂರು ಸಲ ತೆಳು ಎಪಾಕ್ಸಿ ಕುಡಿಸಿದೆ. ಪ್ಲೈ ನೀರು ಹೀರುವುದು ಹೆಚ್ಚಾಗಿ ಅಂಚಿನಿಂದಲೇ.

ಮೊದಲ ದಿನವೇ ಒಂದು ಕಿಲೋ ಎಪಾಕ್ಸಿ ಹಾಳಾಯಿತು. ಮಧ್ಯಾಹ್ನ ಎರಡು ಗಂಟೆಗೆ ಉದ್ದ ಡಬ್ಬದಲ್ಲಿ ಒಟ್ಟಿಗೆ ಕಲಸಿದ್ದೆ. ಹತ್ತು ನಿಮಿಷದಲ್ಲಿ ಡಬ್ಬ ಮುಟ್ಟಲಾಗದಷ್ಟು ಬಿಸಿಯಾಗಿ ಹೊಗೆ ಬಂತು. ಬಯಲಿನ ಹೊಯಿಗೆಯ ಮೇಲೆ ಇಟ್ಟು ದೂರ ನಿಂತೆ. ಆ ರಾಸಾಯನಿಕ ಕ್ರಿಯೆಯೇ ಬಿಸಿ ಹುಟ್ಟಿಸುತ್ತದೆ. ಒಂದೇ ಕಡೆ ಗುಡ್ಡೆಯಾಗಿದ್ದರೆ ಬಿಸಿ ಹೊರಗೆ ಹೋಗಲು ಜಾಗವಿಲ್ಲ, ಬಿಸಿ ಏರಿದಷ್ಟೂ ಕ್ರಿಯೆಯ ವೇಗವೂ ಏರುತ್ತದೆ. ಆಮೇಲೆ ಬೆಳಿಗ್ಗೆ ಆರಕ್ಕೆ ಶುರು, ಅಗಲ ತಟ್ಟೆ, ಒಂದು ಸಲಕ್ಕೆ 300 ಗ್ರಾಂ ಮಾತ್ರ.

ಜನವರಿ 4

ಹಲಗೆ ಕೂರಿಸಿದ ದಿನ. ಹೊರಪದರದ ಒಳಮೈಯನ್ನು 40ರ ಉಜ್ಜುಕಾಗದದಲ್ಲಿ ಉಜ್ಜಿ, ಅಸಿಟೋನ್‌ನಿಂದ ಒರೆಸಿ, ಸಿಲಿಕಾ ಹುಡಿ ಬೆರೆಸಿ ಚಟ್ನಿಯ ಹದಕ್ಕೆ ತಂದ ಎಪಾಕ್ಸಿಯನ್ನು ಹಲ್ಲಿನ ಕರಣೆಯಿಂದ ಎಳೆದೆ. ಅಷ್ಟು ದೊಡ್ಡ ಕ್ಲಾಂಪ್ ನನ್ನಲ್ಲಿ ಇಲ್ಲ. ಹಳೆಯ ಇಂಜಿನ್ ಬೋಲ್ಟಿನ ತೂತುಗಳಲ್ಲೇ ಬೋಲ್ಟ್ ತೂರಿಸಿ, ಎರಡೂ ಕಡೆ ಕಬ್ಬಿಣದ ಆಂಗಲ್ ಇಟ್ಟು ಬಿಗಿದೆವು. ಅಪ್ಪ ಹೊರಗೆ ದಾರ ಎಳೆದು ನೋಡುತ್ತಿದ್ದರು. "ಸಾಕು, ನಡು ಒಳಗೆ ಹೋಗ್ತಾ ಉಂಟು" ಎಂದು ಅವರು ಕೂಗಿದ್ದರಿಂದ ಹೊರಚರ್ಮ ಡೊಂಕಾಗದೆ ಉಳಿಯಿತು. ಅರ್ಧ ಸುತ್ತು ಸಡಿಲ ಮಾಡಿದೆ. ಅಂಚಿನಲ್ಲೆಲ್ಲ ಎಪಾಕ್ಸಿ ಸಮವಾಗಿ ಉಕ್ಕಿ ಬಂದದ್ದು ನೋಡಿ ಸಮಾಧಾನವಾಯಿತು.

ಅದೇ ಮಿಶ್ರಣದಿಂದ ಎರಡು ಚೂರು ಪ್ಲೈ ಅಂಟಿಸಿ ಇಟ್ಟಿದ್ದೆ. ಮೂರನೇ ದಿನ ಗಿರಣಿಯ ಕಲ್ಲಿನ ಮೇಲಿಟ್ಟು ಒಡೆದಾಗ ಮುರಿದದ್ದು ಮರ, ಅಂಟು ಅಲ್ಲ.

ಜನವರಿ 25

ಮೂಲೆಗಳಿಗೆ ಚಮಚದ ಬೆನ್ನಿನಿಂದ ದುಂಡಗೆ ಪುಟ್ಟಿ ಎಳೆದು, 6, 8, 10 ಇಂಚು ಅಗಲದ ಬಟ್ಟೆ ಪಟ್ಟಿಗಳನ್ನು ಒಂದರ ಮೇಲೊಂದು ಹಾಸಿದೆ. ಗಾಜಿನ ಬಟ್ಟೆ ಚೂಪು ಮೂಲೆಗೆ ಕೂರುವುದಿಲ್ಲ, ಅಡಿಯಲ್ಲಿ ಗಾಳಿ ಉಳಿಯುತ್ತದೆ.

ಇಂಜಿನ್ ಬಗ್ಗೆ ಚುಟುಕಾಗಿ: ಗೇರ್ ಆಯಿಲ್ ಹಾಲಿನಂತೆ ಬಂತು, ಅಂದರೆ ನೀರು ಹೊಕ್ಕಿದೆ. ಸೀಲ್ ಬದಲಾಯಿಸಿದೆ. ಇಂಜಿನ್ ತಂಪು ಮಾಡುವ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಹೊಸತು ಹಾಕಿದೆ. ಡ್ರಮ್ಮಿನಲ್ಲಿ ನೀರು ತುಂಬಿ ಓಡಿಸಿದಾಗ ತಂಪು ನೀರಿನ ಎಳೆ ಬಿಡದೆ ಹಾರಿತು.

ಫೆಬ್ರವರಿ 8

ಹಳೆಯ ಬೋಲ್ಟಿನ ತೂತುಗಳನ್ನು ದುಪ್ಪಟ್ಟು ಅಗಲಕ್ಕೆ ಕೊರೆದು ಎಪಾಕ್ಸಿ ತುಂಬಿದ್ದೆ. ಇವತ್ತು ಅದರ ನಡುವೆ ಹೊಸ ತೂತು ಕೊರೆದೆ. ಈಗ ಬೋಲ್ಟಿಗೂ ಮರಕ್ಕೂ ಮಧ್ಯೆ ಸುತ್ತಲೂ ಎಪಾಕ್ಸಿಯ ಕೊಳವೆ ಇದೆ. ಬಿರಡೆಯ ತೂತಿಗೂ ಹಾಗೆಯೇ ಮಾಡಿದೆ. ಏಣಿ ಈ ಹಲಗೆಗೆ ಬೇಡವೆಂದು ಬಿಟ್ಟೆ. ಒಂದು ಏಣಿಗಾಗಿ ಇನ್ನು ನಾಲ್ಕು ತೂತು ಕೊರೆಯಲು ಮನಸ್ಸು ಬರಲಿಲ್ಲ.

ಸಂಜೆ ಚೈನ್ ಪುಲ್ಲಿಯಲ್ಲಿ ಇಂಜಿನ್ ಎತ್ತಿ ಕೂರಿಸಿದೆವು. ಅಪ್ಪ ಅದರ ತಲೆಯ ಮೇಲೆ ಎರಡೂ ಕೈ ಊರಿ, ಮೈಭಾರ ಬಿಟ್ಟು ಹಿಂದಕ್ಕೂ ಮುಂದಕ್ಕೂ ಅಲುಗಿಸಿದರು. ದೋಣಿಯಿಡೀ ದಿಮ್ಮಿಯ ಮೇಲೆ ಕರಕರ ಎಂದಿತು, ಟ್ರಾನ್ಸಮ್ ಕೂದಲೆಳೆಯಷ್ಟೂ ಬಗ್ಗಲಿಲ್ಲ. ಅವರು ಏನೂ ಹೇಳದೆ ಒಳಗೆ ಹೋಗಿ ಟಾರ್ಚ್ ತಂದು ಸ್ಟ್ರಿಂಗರುಗಳ ಕಡೆ ಬೆಳಕು ಬಿಟ್ಟರು. ಎಡಗಡೆಯದು ಎರಡು ಮೊಳ ಉದ್ದಕ್ಕೆ ಮೆತ್ತಗಿದೆ. ನಾಳೆಯಿಂದ ಅದು.