ಒಳಗಿನಿಂದ ತೆರೆಯುವ ಬಾಗಿಲು

ಕಳೆದ ಆಷಾಢದಲ್ಲಿ ಸಕಲೇಶಪುರದ ತವರುಮನೆಗೆ ಹೋಗಿದ್ದಾಗ, ಮಳೆಗೆ ಕರೆಂಟ್ ಹೋಗಿದ್ದ ಒಂದು ಮಧ್ಯಾಹ್ನ, ಪಿಯುಸಿ ಓದುತ್ತಿರುವ ಅಣ್ಣನ ಮಗಳು ತಾನು ಬರೆಯುತ್ತಿದ್ದ ಕಥೆಯ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟಳು. ಬಿಸಿಲೆ ಕಾಡಿನಲ್ಲಿರುವ, ಪಾಶ್ಚಾತ್ಯ ಕಥೆಗಳ ಮಾಯಾಜೀವಿಗಳಾದ ಎಲ್ಫ್‌ಗಳ ಕುಲವೊಂದು ಆ ಕಥೆಯಲ್ಲಿ ಬಾಯಿ ತೆರೆಯದೆ, ಮನಸ್ಸಿನಿಂದ ಮನಸ್ಸಿಗೇ ಸಂವಾದ ನಡೆಸುತ್ತಿತ್ತು. ಕಲ್ಪನೆ ಸೊಗಸಾಗಿತ್ತು, ಆದರೆ ಕಥೆ ಮಾತ್ರ ನಡುವೆಯೇ ನಿಂತುಬಿಟ್ಟಿತ್ತು. "ಅತ್ತೆ, ಎಲ್ಲರ ಮನಸ್ಸೂ ಎಲ್ಲರಿಗೂ ಗೊತ್ತಾದರೆ ಯಾರೂ ಏನನ್ನೂ ಮುಚ್ಚಿಡುವ ಹಾಗಿಲ್ಲವಲ್ಲ, ಮುಂದೆ ಏನು ಬರೆಯಲಿ?" ಎಂದು ಕೇಳಿದಳು.

ನನಗೆ ತಕ್ಷಣ ನೆನಪಾದದ್ದು ಎಲ್ಫ್‌ಗಳ ಲೋಕವನ್ನೇ ಕಟ್ಟಿದ ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ 'ಓಸನ್ವೆ ಕೆಂಟ' ಎಂಬ ಪ್ರಬಂಧ. 1960ರ ಆಸುಪಾಸಿನಲ್ಲಿ ಬರೆದ ಇದು ಪ್ರಕಟವಾದದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1998ರಲ್ಲಿ. ಅವರ 'ದ ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯ ಕೊನೆಯ ಭಾಗದಲ್ಲಿ ಗಲಾಡ್ರಿಯೆಲ್, ಕೆಲೆಬಾರ್ನ್, ಎಲ್ರಾಂಡ್ ಮತ್ತು ಗ್ಯಾಂಡಾಲ್ಫ್ ನಕ್ಷತ್ರಗಳ ಕೆಳಗೆ ಕುಳಿತು, ತುಟಿ ಅಲುಗಿಸದೆ, ಕಣ್ಣುಗಳಷ್ಟೇ ಹೊಳೆಯುತ್ತಿರಲು ಹಳೆಯ ಕಾಲವನ್ನು ಮೆಲುಕು ಹಾಕುವ ದೃಶ್ಯವೊಂದಿದೆ. ಅಂಥ ಸಂವಾದ ನಡೆಯುವ ಬಗೆಯನ್ನು ಈ ಪ್ರಬಂಧ ಬಿಡಿಸಿ ಹೇಳುತ್ತದೆ. ಮನಸ್ಸು ಸ್ವಭಾವತಃ ತೆರೆದೇ ಇರುತ್ತದೆ, ಆದರೆ ಅದರ ಒಡೆಯ ಬೇಡವೆಂದು ಮುಚ್ಚಿದರೆ ಎಂಥ ಶಕ್ತಿಯೂ ಅದನ್ನು ಬಲವಂತವಾಗಿ ಹೊಕ್ಕಲಾರದು. ದೇಹ ಧರಿಸಿದವರಲ್ಲಿ ಈ ಸಂವಾದ ಮಸುಕಾಗುತ್ತದೆ. ಬಾಂಧವ್ಯ, ತುರ್ತು ಮತ್ತು ಅಧಿಕಾರ ಅದಕ್ಕೆ ಬಲ ಕೊಡುತ್ತವೆ.

ಅವಳು ತುರ್ತಿನ ಮಾತಿಗೆ ಪಟ್ಟು ಹಿಡಿದಳು. ಕಾಡಿನಲ್ಲಿ ಮಗು ಕಳೆದುಕೊಂಡ ತಾಯಿ ಇನ್ನೊಬ್ಬರ ಮನಸ್ಸನ್ನು ಒಡೆದಾದರೂ ಸತ್ಯ ತಿಳಿಯಬಾರದೇ ಎಂಬುದು ಅವಳ ವಾದ. ಆ ತಾಯಿಯ ಸಂಕಟ ಅವಳ ಕೂಗನ್ನು ಎಷ್ಟೋ ದೂರ ಮುಟ್ಟಿಸಬಲ್ಲದು, ಆದರೆ ಕೇಳಿಸಿಕೊಂಡವರು ಬಾಗಿಲು ತೆರೆಯುವುದು ಅವರಿಗೇ ಬಿಟ್ಟದ್ದು ಎಂದು ನಾನು ಹೇಳಿದೆ. ಒಪ್ಪದೆ ಬಹಳ ಹೊತ್ತು ವಾದಿಸಿದಳು, ಅದು ನನಗೆ ಸಂತೋಷವನ್ನೇ ಕೊಟ್ಟಿತು. ಟೋಲ್ಕಿನ್ ಲೋಕದ ಮೊದಲ ದುಷ್ಟಶಕ್ತಿಯಾದ ಮೆಲ್ಕೋರ್‌ನ ವಿಷಯ ಬಂದಾಗ ಮಾತ್ರ ಅವಳ ಮುಖ ಅರಳಿತು. ಬಲಪ್ರಯೋಗ ಮಾಡಿದರೆ ಮನಸ್ಸು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆಂದು ಬಲ್ಲ ಆತ, ಸ್ನೇಹದ ಸೋಗು ಹಾಕಿ, ಹೊಗಳಿ, ಉಡುಗೊರೆ ಕೊಟ್ಟು, ಒಳಗಿನವರ ಕೈಯಿಂದಲೇ ಬಾಗಿಲು ತೆಗೆಸುತ್ತಾನೆ. ಅವಳ ಕಥೆಗೆ ಬೇಕಾಗಿದ್ದ ಖಳನಾಯಕ ಅಲ್ಲಿದ್ದ.

1978ರಲ್ಲಿ ಆರಂಭವಾದ 'ಎಲ್ಫ್‌ಕ್ವೆಸ್ಟ್' ಕಾಮಿಕ್ಸ್ ಸರಣಿಯ ವುಲ್ಫ್‌ರೈಡರ್ ಕುಲದ ಎಲ್ಫ್‌ಗಳು ಮನಸ್ಸಿನ ಮಾತಿನಲ್ಲಿ ಸುಳ್ಳು ಹೇಳಲಾರರು, ಆದರೂ ತಮ್ಮ ಆತ್ಮದ ಹೆಸರನ್ನು ಗುಟ್ಟಾಗಿಯೇ ಇಟ್ಟುಕೊಳ್ಳುತ್ತಾರೆ ಎಂಬುದನ್ನೂ ಹೇಳಿದೆ.

ಸಂಜೆಯ ಹೊತ್ತಿಗೆ ಅವಳು, ಕುಲದ ಹಿರಿಯನೊಬ್ಬ ಹುಡುಗಿಯೊಬ್ಬಳ ಮನಸ್ಸಿಗೆ ನುಗ್ಗುವ ಭಾಗವನ್ನು ಹೊಡೆದುಹಾಕಿ, ಆತ ಹೊರಗೆ ನಿಂತು ಅನುಮತಿ ಕೇಳುವಂತೆ ಬರೆದಳು. ಹುಡುಗಿ ಒಪ್ಪಬೇಕೇ ಎಂಬುದನ್ನು ಅವಳಿನ್ನೂ ತೀರ್ಮಾನಿಸಿಲ್ಲ. ಒಪ್ಪದಿರಲಿ ಎಂಬುದು ನನ್ನ ಆಸೆ.